ಬೆಳಕಿನ ಆ ಕೆಂಪು-ನೀಲಿ ಚಿತ್ರವನ್ನು ಓದುವುದು ಹೇಗೆ

ಪಿಯುಸಿಯಲ್ಲಿ ವಿಜ್ಞಾನ ಓದಿದವರಿಗೆಲ್ಲ ಈ ಚಿತ್ರ ಗೊತ್ತಿರುತ್ತದೆ. ನಡುವೆ ಒಂದು ನೇರ ಗೆರೆ, ಅದು ಬೆಳಕು ಸಾಗುವ ದಾರಿ. ಆ ಗೆರೆಯ ಮೇಲಕ್ಕೂ ಕೆಳಕ್ಕೂ ಏರಿಳಿಯುವ ಒಂದು ಕೆಂಪು ಅಲೆ, ಅದು ವಿದ್ಯುತ್ ಕ್ಷೇತ್ರ. ಅದಕ್ಕೆ ಅಡ್ಡಲಾಗಿ, ಎಡಕ್ಕೂ ಬಲಕ್ಕೂ ಬಳುಕುವ ಒಂದು ನೀಲಿ ಅಲೆ, ಅದು ಕಾಂತಕ್ಷೇತ್ರ. ಪರೀಕ್ಷೆಯಲ್ಲಿ ಬಿಡಿಸಿದರೆ ಅಂಕ ಬರುತ್ತದೆ, ಆಮೇಲೆ ಮರೆತುಹೋಗುತ್ತದೆ.

ಚಿತ್ರ ತಪ್ಪಲ್ಲ. ಅದನ್ನು ಹೇಗೆ ಓದಬೇಕು ಅಂತ ಮಾತ್ರ ಯಾರೂ ಕೂರಿಸಿಕೊಂಡು ಹೇಳುವುದಿಲ್ಲ. ಹಾಗಾಗಿ ಬಹಳ ಜನ ಅದನ್ನು ನೋಡಿ, ಬೆಳಕು ಅಂದರೆ ಗಾಳಿಯಲ್ಲಿ ಹಾವಿನ ಹಾಗೆ ಬಳುಕುತ್ತ ಹೋಗುವ ಏನೋ ಒಂದು ವಸ್ತು ಅಂದುಕೊಳ್ಳುತ್ತಾರೆ. ಅಲ್ಲಿ ಯಾವುದೂ ಬಳುಕುವುದಿಲ್ಲ. ಕೆಂಪು ಗೆರೆ ಎತ್ತರಕ್ಕೆ ಏರಿದೆ ಅಂದರೆ ಬೆಳಕು ಅಷ್ಟು ಎತ್ತರಕ್ಕೆ ಹೋಗಿದೆ ಅಂತ ಅರ್ಥವಲ್ಲ. ನಡುವಿನ ಗೆರೆಯ ಮೇಲಿನ ಆ ಒಂದು ಬಿಂದುವಿನಲ್ಲಿ, ಆ ಕ್ಷಣದಲ್ಲಿ, ವಿದ್ಯುತ್ ಕ್ಷೇತ್ರ ಅಷ್ಟು ಜೋರಾಗಿದೆ ಮತ್ತು ಮೇಲ್ಮುಖವಾಗಿದೆ ಅಂತ ಮಾತ್ರ. ಅದು ಅಳತೆಯ ಗೆರೆ, ಜಾಗದ ಗೆರೆ ಅಲ್ಲ.

ಕ್ಷೇತ್ರ ಅಂದರೇನು ಅನ್ನುವುದನ್ನೂ ಇಲ್ಲೇ ಮುಗಿಸಿಬಿಡೋಣ. ಒಂದು ಜಾಗದಲ್ಲಿ ಒಂದು ಸಣ್ಣ ವಿದ್ಯುತ್ ಚಾರ್ಜ್ ತಂದು ಸುಮ್ನೆ ಇಟ್ಟರೆ, ಅದರ ಮೇಲೆ ಯಾವ ಕಡೆಗೆ, ಎಷ್ಟು ಬಲ ಬೀಳುತ್ತದೆ? ಆ ಉತ್ತರಕ್ಕೆ ವಿದ್ಯುತ್ ಕ್ಷೇತ್ರ ಅಂತ ಹೆಸರು. ಅದೇ ಚಾರ್ಜ್ ಓಡುತ್ತಿದ್ದರೆ ಅದರ ಮೇಲೆ ಇನ್ನೊಂದು ಬಲವೂ ಬೀಳಬಹುದು, ಅದು ಓಡುವ ದಿಕ್ಕಿಗೆ ಅಡ್ಡಲಾಗಿ ತಳ್ಳುತ್ತದೆ. ಅದು ಕಾಂತಕ್ಷೇತ್ರದ ಕೆಲಸ. ನಿಂತ ಚಾರ್ಜನ್ನು ಕಾಂತಕ್ಷೇತ್ರ ಮುಟ್ಟುವುದೇ ಇಲ್ಲ. ಈ ಒಂದು ಮಾತು ನೆನಪಿರಲಿ, ಮುಂದೆ ಬಹಳ ಕೆಲಸಕ್ಕೆ ಬರುತ್ತದೆ.

ಈಗ ಅಲೆ ಹುಟ್ಟುವುದು ಎಲ್ಲಿಂದ? ಒಂದು ಎಲೆಕ್ಟ್ರಾನ್ ಸುಮ್ಮನೆ ನಿಂತಿದ್ದರೆ ಅದರ ಸುತ್ತ ವಿದ್ಯುತ್ ಕ್ಷೇತ್ರ ಇರುತ್ತದೆ, ಅಷ್ಟೇ. ಒಂದೇ ವೇಗದಲ್ಲಿ ನೇರವಾಗಿ ಹೋಗುತ್ತಿದ್ದರೆ ಕಾಂತಕ್ಷೇತ್ರವೂ ಸೇರಿಕೊಳ್ಳುತ್ತದೆ, ಆದರೆ ಎರಡೂ ಎಲೆಕ್ಟ್ರಾನಿನ ಜೊತೆಗೇ ಹೋಗುತ್ತವೆ, ಬಿಟ್ಟು ಹೊರಡುವುದಿಲ್ಲ. ಎಲೆಕ್ಟ್ರಾನನ್ನು ಅಲುಗಾಡಿಸಿದಾಗ ಮಾತ್ರ, ಅಂದರೆ ಅದರ ವೇಗವೋ ದಿಕ್ಕೋ ಬದಲಾದಾಗ, ಆ ಬದಲಾವಣೆಯ ಸುದ್ದಿ ದೂರದ ಜಾಗಗಳಿಗೆ ಒಂದೇ ಸಲಕ್ಕೆ ತಲುಪುವುದಿಲ್ಲ. ಹತ್ತಿರದ ಕ್ಷೇತ್ರ ಹೊಸ ಸ್ಥಿತಿಗೆ ಬಂದಿರುತ್ತದೆ, ದೂರದ್ದು ಇನ್ನೂ ಹಳೆಯ ಸ್ಥಿತಿಯಲ್ಲೇ ಇರುತ್ತದೆ, ಎರಡರ ನಡುವೆ ಒಂದು ತಿರುವು ಉಳಿದು, ಅದೇ ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್ ವೇಗದಲ್ಲಿ ಹೊರಕ್ಕೆ ಹರಡುತ್ತ ಹೋಗುತ್ತದೆ. ಆ ತಿರುವೇ ಬೆಳಕು. ಎಲೆಕ್ಟ್ರಾನ್ ಸೆಕೆಂಡಿಗೆ ಸುಮಾರು 545 ಲಕ್ಷ ಕೋಟಿ ಸಲ ಅಲುಗಿದರೆ ನಮಗೆ ಹಸಿರು ಕಾಣುತ್ತದೆ. ಸೆಕೆಂಡಿಗೆ ಆರು ಲಕ್ಷ ಚಿಲ್ಲರೆ ಸಲ ಅಲುಗಿದರೆ ಆಕಾಶವಾಣಿಯ ಮೀಡಿಯಂ ವೇವ್ ಸಿಗುತ್ತದೆ. ಎರಡರ ಒಳಗೂ ನಡೆಯುವ ಕತೆ ಒಂದೇ.

ಇಲ್ಲೊಂದು ಸಣ್ಣ ಸಂಗತಿ ಇದೆ, ನನಗೆ ಬಹಳ ಇಷ್ಟ. ನಿಂತ ಚಾರ್ಜಿನ ಕ್ಷೇತ್ರ ಹತ್ತು ಪಟ್ಟು ದೂರ ಹೋದರೆ ನೂರನೇ ಒಂದು ಪಾಲಿಗೆ ಇಳಿಯುತ್ತದೆ. ಅಲೆಯ ಕ್ಷೇತ್ರ ಹತ್ತು ಪಟ್ಟು ದೂರ ಹೋದರೂ ಹತ್ತನೇ ಒಂದು ಪಾಲಿಗೆ ಮಾತ್ರ ಇಳಿಯುತ್ತದೆ. ನಕ್ಷತ್ರಗಳು ನಮಗೆ ಕಾಣುವುದಕ್ಕೆ ಇದೇ ಕಾರಣ.

ವಿದ್ಯುತ್ತು, ಅಯಸ್ಕಾಂತ, ಬೆಳಕು ಇವು ಮೂರೂ ಮೊದಲು ಬೇರೆ ಬೇರೆ ಪಾಠಗಳಾಗಿದ್ದವು. 1820ರಲ್ಲಿ ಡೆನ್ಮಾರ್ಕಿನ ಅರ್ಸ್ಟೆಡ್, ತಂತಿಯಲ್ಲಿ ಕರೆಂಟು ಹರಿಸಿದರೆ ಪಕ್ಕದ ದಿಕ್ಸೂಚಿಯ ಮುಳ್ಳು ತಿರುಗುವುದನ್ನು ತೋರಿಸಿದರು. 1831ರಲ್ಲಿ ಲಂಡನ್ನಿನ ಫ್ಯಾರಡೆ ಉಲ್ಟಾ ದಾರಿ ಕಂಡುಕೊಂಡರು: ಕಾಂತಕ್ಷೇತ್ರ ಬದಲಾಗುತ್ತಿದ್ದರೆ ಅಲ್ಲಿ ವಿದ್ಯುತ್ ಕ್ಷೇತ್ರ ಇರುತ್ತದೆ. ನಮ್ಮ ಕರೆಂಟು ಇವತ್ತಿಗೂ ಬಹುಪಾಲು ಬರುವುದು ಈ ನಿಯಮದಿಂದಲೇ, ಶರಾವತಿಯ ಟರ್ಬೈನ್ ಆದರೂ ಅಷ್ಟೇ, ರಾಯಚೂರಿನ ಶಾಖೋತ್ಪನ್ನ ಸ್ಥಾವರ ಆದರೂ ಅಷ್ಟೇ. 1860ರ ದಶಕದ ಆರಂಭದಲ್ಲಿ ಸ್ಕಾಟ್ಲೆಂಡಿನ ಮ್ಯಾಕ್ಸ್‌ವೆಲ್ ಇದಕ್ಕೆ ಜೋಡಿಯಾದ ಇನ್ನೊಂದು ನಿಯಮ ಸೇರಿಸಿದರು. ವಿದ್ಯುತ್ ಕ್ಷೇತ್ರ ಬದಲಾಗುತ್ತಿದ್ದರೆ ಅಲ್ಲಿ ಕಾಂತಕ್ಷೇತ್ರ ಇರಬೇಕು, ತಂತಿ ಬೇಕಿಲ್ಲ, ಕರೆಂಟೂ ಬೇಕಿಲ್ಲ. ಎರಡೂ ನಿಯಮ ಒಟ್ಟಿಗೆ ಇಟ್ಟು ಲೆಕ್ಕ ಮಾಡಿದರೆ, ಖಾಲಿ ಜಾಗದಲ್ಲೂ ಸಾಗುವ ಒಂದು ಅಲೆ ಹೊರಬಂತು.

ಅದರ ವೇಗ ಎಷ್ಟು ಅನ್ನುವುದು ಎರಡು ವಿದ್ಯುತ್ ಅಳತೆಗಳ ಅನುಪಾತದಿಂದ ಬರಬೇಕಿತ್ತು. ಆ ಅನುಪಾತವನ್ನು 1856ರಲ್ಲೇ ಜರ್ಮನಿಯ ವೆಬರ್ ಮತ್ತು ಕೋಲ್‌ರೌಶ್ ಅಳೆದಿಟ್ಟಿದ್ದರು. ಲೇಡನ್ ಜಾಡಿಯಲ್ಲಿ ಚಾರ್ಜ್ ತುಂಬಿ, ಅದನ್ನು ಹರಿಯಬಿಟ್ಟು ಮಾಡಿದ ಪ್ರಯೋಗ ಅದು, ಬೆಳಕಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ. ಅವರ ಅಂಕಿಯಿಂದ ಬಂದ ವೇಗ ಸೆಕೆಂಡಿಗೆ 3,10,740 ಕಿಲೋಮೀಟರ್. ಫ್ರಾನ್ಸಿನ ಫಿಜೋ 1849ರಲ್ಲಿ ಹಲ್ಲುಗಾಲಿ ತಿರುಗಿಸಿ ನೇರವಾಗಿ ಬೆಳಕಿನ ವೇಗವನ್ನೇ ಅಳೆದಿದ್ದರು, ಅದು ಸುಮಾರು 3,15,000. ಇಷ್ಟು ಹತ್ತಿರದ ಎರಡು ಸಂಖ್ಯೆ ಕಾಕತಾಳೀಯ ಆಗಲಾರದು, ಬೆಳಕೇ ಈ ಅಲೆ ಅಂತ ಮ್ಯಾಕ್ಸ್‌ವೆಲ್ ತೀರ್ಮಾನಕ್ಕೆ ಬಂದರು. ನಿಜವಾದ ಬೆಲೆ 2,99,792.458, ಇಬ್ಬರ ಅಳತೆಯೂ ಸ್ವಲ್ಪ ಜಾಸ್ತಿಯೇ ಇತ್ತು. ಪರವಾಗಿಲ್ಲ. ಕತ್ತಲೆ ಕೋಣೆಯಲ್ಲಿ ಕೂತು ಜಾಡಿ, ತಂತಿಗಳಿಂದ ಬೆಳಕಿನ ವೇಗ ಕಂಡುಹಿಡಿಯಬಹುದು ಅನ್ನುವುದೇ ದೊಡ್ಡ ಮಾತು. 1887-88ರಲ್ಲಿ ಹೈನ್ರಿಕ್ ಹರ್ಟ್ಸ್ ಜರ್ಮನಿಯ ಕಾರ್ಲ್ಸ್‌ರೂಹೆಯಲ್ಲಿ ಕಿಡಿ ಹಾರಿಸಿ, ಕೆಲವು ಮೀಟರ್ ಉದ್ದದ ಅಂಥ ಅಲೆಗಳನ್ನು ಕೈಯಾರೆ ಹುಟ್ಟಿಸಿ, ಗೋಡೆಯ ಸತುವಿನ ತಗಡಿಗೆ ಬಡಿಸಿ ವಾಪಸು ಬರುವುದನ್ನು ತೋರಿಸಿದ ಮೇಲೆ ಯಾರಿಗೂ ಅನುಮಾನ ಉಳಿಯಲಿಲ್ಲ.

ಈಗ ಚಿತ್ರದ ಅಸಲಿ ಕಷ್ಟಕ್ಕೆ ಬರೋಣ. ಕೆಂಪು ಅಲೆ ಎಲ್ಲಿ ತುದಿ ಮುಟ್ಟುತ್ತದೋ ನೀಲಿ ಅಲೆಯೂ ಅಲ್ಲೇ ತುದಿ ಮುಟ್ಟುತ್ತದೆ. ಕೆಂಪು ಎಲ್ಲಿ ಸೊನ್ನೆಯೋ ನೀಲಿಯೂ ಅಲ್ಲೇ ಸೊನ್ನೆ. ಇದನ್ನು ನೋಡಿ ತಲೆ ಕೆರೆದುಕೊಳ್ಳದವರು ಕಡಿಮೆ. ಯಾಕೆಂದರೆ ತರಗತಿಯಲ್ಲಿ ಕೇಳಿದ ಕತೆ ಬೇರೆ. ವಿದ್ಯುತ್ ಕ್ಷೇತ್ರ ಕಾಂತಕ್ಷೇತ್ರವನ್ನು ಹುಟ್ಟಿಸುತ್ತದೆ, ಅದು ತಿರುಗಿ ವಿದ್ಯುತ್ ಕ್ಷೇತ್ರವನ್ನು ಹುಟ್ಟಿಸುತ್ತದೆ, ಹೀಗೆ ಸರಪಳಿ. ಹಾಗಿದ್ದರೆ ಒಂದು ಜಾಸ್ತಿಯಾದಾಗ ಇನ್ನೊಂದು ಕಡಿಮೆ ಆಗಬೇಕಿತ್ತು ಅಲ್ವಾ? ಎರಡೂ ಒಟ್ಟಿಗೆ ಸೊನ್ನೆಯಾದರೆ ಮುಂದಿನ ಅಲೆಯನ್ನು ಹುಟ್ಟಿಸುವವರು ಯಾರು?

ಸಮಸ್ಯೆ ಆ 'ಹುಟ್ಟಿಸುತ್ತದೆ' ಅನ್ನುವ ಕತೆಯಲ್ಲಿದೆ. ಫ್ಯಾರಡೆ ನಿಯಮ ಹೇಳುವುದು ಇಷ್ಟೇ: ಒಂದು ಜಾಗದಲ್ಲಿ ಕಾಂತಕ್ಷೇತ್ರ ಕಾಲದಲ್ಲಿ ಎಷ್ಟು ಬೇಗ ಬದಲಾಗುತ್ತಿದೆ ಅನ್ನುವುದೂ, ಅದೇ ಜಾಗದ ಆಚೀಚೆ ವಿದ್ಯುತ್ ಕ್ಷೇತ್ರ ಎಷ್ಟು ಕಡಿದಾಗಿ ಏರಿಳಿಯುತ್ತಿದೆ ಅನ್ನುವುದೂ ಒಂದಕ್ಕೊಂದು ಕಟ್ಟಿಹಾಕಿಕೊಂಡಿವೆ. ಈ ಮಾತನ್ನು ಹಿಡಿದು ಚಿತ್ರ ನೋಡಿ. ಕೆಂಪು ಅಲೆ ಎಲ್ಲಿ ಅತಿ ಕಡಿದು? ತುದಿಯಲ್ಲಲ್ಲ, ತುದಿಯಲ್ಲಿ ಅದು ಸಪಾಟಾಗಿರುತ್ತದೆ. ನಡುಗೆರೆಯನ್ನು ದಾಟುವ ಕಡೆ, ಅಂದರೆ ಸೊನ್ನೆಯಾಗುವ ಕಡೆ ಅದು ಅತಿ ಕಡಿದು. ಹಾಗಾದರೆ ಕಾಂತಕ್ಷೇತ್ರ ಅತಿ ಬೇಗ ಬದಲಾಗಬೇಕಾದದ್ದೂ ಅಲ್ಲೇ. ಸಾಗುತ್ತಿರುವ ಒಂದು ಅಲೆ ಅತಿ ಬೇಗ ಬದಲಾಗುವುದು ಯಾವಾಗ? ಅದೂ ಸೊನ್ನೆಯನ್ನು ದಾಟುವಾಗಲೇ. ಹಾಗಾಗಿ ನೀಲಿಯ ಸೊನ್ನೆ ಕೆಂಪಿನ ಸೊನ್ನೆಯ ಮೇಲೇ ಬಂದು ಕೂರುತ್ತದೆ. ತುದಿಗಳದ್ದೂ ಅದೇ ಲೆಕ್ಕ: ಕೆಂಪು ಸಪಾಟಾಗಿರುವ ಕಡೆ ನೀಲಿ ಆ ಕ್ಷಣಕ್ಕೆ ಬದಲಾಗುತ್ತಿಲ್ಲ, ಅಂದರೆ ಅದು ತನ್ನ ತುದಿಯಲ್ಲಿದೆ.

ಸೊನ್ನೆಯಾದ ಕಡೆ ಏನೂ ಇಲ್ಲ ಅನ್ನುವುದೂ ಪೂರ್ತಿ ಸರಿಯಲ್ಲ. ಕ್ಷೇತ್ರ ಅಲ್ಲಿ ಇಲ್ಲ, ಆದರೆ ಬದಲಾವಣೆ ಅಲ್ಲೇ ಅತಿ ಜೋರು. ಅಲೆಯನ್ನು ಮುಂದಕ್ಕೆ ಒಯ್ಯುವುದು ಆ ಬದಲಾವಣೆ, ಕ್ಷೇತ್ರದ ಪ್ರಮಾಣ ಅಲ್ಲ.

ಶಕ್ತಿ ಎಲ್ಲಿ ಹೋಯಿತು ಅನ್ನುವ ಪ್ರಶ್ನೆಯೂ ಇದರ ಜೊತೆಗೇ ಬರುತ್ತದೆ. ಎಲ್ಲೂ ಹೋಗಿಲ್ಲ, ಸ್ವಲ್ಪ ಮುಂದೆ ಇದೆ. ಚಿತ್ರದಲ್ಲಿರುವಂಥ ಅಲೆಯಲ್ಲಿ ಶಕ್ತಿ ಒಂದೇ ಸಮ ಹರಡಿರುವುದಿಲ್ಲ, ಗಂಟು ಗಂಟಾಗಿರುತ್ತದೆ. 550 ನ್ಯಾನೋಮೀಟರ್ ಅಲೆಯುದ್ದದ (ಅಂದರೆ ಒಂದು ಮೇಲ್ತುದಿಯಿಂದ ಮುಂದಿನ ಮೇಲ್ತುದಿಗೆ ಅಷ್ಟು ದೂರ ಇರುವ) ಹಸಿರು ಬೆಳಕಾದರೆ 275 ನ್ಯಾನೋಮೀಟರಿಗೊಂದು ಗಂಟು, ಎಲ್ಲವೂ ಬೆಳಕಿನ ವೇಗದಲ್ಲೇ ಮುಂದೆ ಸಾಗುತ್ತಿರುತ್ತವೆ. ಒಂದು ಬಿಂದುವಿನಲ್ಲಿ ನಿಂತು ನೋಡಿದರೆ ಶಕ್ತಿ ಬರುತ್ತದೆ, ಹೋಗುತ್ತದೆ, ಮತ್ತೆ ಬರುತ್ತದೆ. ಎಲ್ಲ ಬೆಳಕೂ ಹೀಗೇ ಅಂತಲೂ ಇಲ್ಲ. ವರ್ತುಲ ಧ್ರುವೀಕರಣ ಅಂತ ಇನ್ನೊಂದು ಬಗೆ ಇದೆ, ಅದರಲ್ಲಿ ವಿದ್ಯುತ್ ಕ್ಷೇತ್ರ ಹೆಚ್ಚು ಕಡಿಮೆ ಆಗುವುದೇ ಇಲ್ಲ, ಅದರ ದಿಕ್ಕು ಮಾತ್ರ ಸುತ್ತುತ್ತ ಇರುತ್ತದೆ, ಕಾಂತಕ್ಷೇತ್ರವೂ ಅದಕ್ಕೆ ಲಂಬವಾಗಿಯೇ ಜೊತೆಗೆ ಸುತ್ತುತ್ತದೆ. ಅಲ್ಲಿ ಸೊನ್ನೆಯ ಪ್ರಶ್ನೆಯೇ ಬರುವುದಿಲ್ಲ.

ಒಂದು ಏರಿದಾಗ ಇನ್ನೊಂದು ಇಳಿಯುವ ಕತೆ ನಿಜವಾಗುವ ಜಾಗವೂ ಒಂದಿದೆ. ಬೆಳಕು ಕನ್ನಡಿಗೆ ನೇರವಾಗಿ ಬಡಿದು ವಾಪಸು ಬರುವಾಗ ಹೋಗುವ ಅಲೆ, ಬರುವ ಅಲೆ ಎರಡೂ ಸೇರಿ ಒಂದು ಸ್ಥಾಯಿ ಅಲೆ, ಅಂದರೆ ಮುಂದೆ ಸಾಗದೆ ನಿಂತಲ್ಲೇ ಏರಿಳಿಯುವ ಅಲೆ ಆಗುತ್ತದೆ. ಅದರಲ್ಲಿ ಕನ್ನಡಿಯ ಮೈಮೇಲೆ ವಿದ್ಯುತ್ ಕ್ಷೇತ್ರ ಸೊನ್ನೆ, ಕಾಂತಕ್ಷೇತ್ರ ಅತಿ ಜಾಸ್ತಿ. ಕಾಲು ಅಲೆಯುದ್ದ ಈಚೆ ಬಂದರೆ ಉಲ್ಟಾ. 1890ರಲ್ಲಿ ಜರ್ಮನಿಯ ಒಟ್ಟೊ ವೀನರ್ ಇದನ್ನು ಹಿಡಿದು ಒಂದು ಸೊಗಸಾದ ಪ್ರಯೋಗ ಮಾಡಿದರು. ಅಲೆಯುದ್ದಕ್ಕಿಂತ ಎಷ್ಟೋ ತೆಳುವಾದ ಫೋಟೋ ಫಿಲ್ಮನ್ನು ಕನ್ನಡಿಯ ಮುಂದೆ ಒಂಚೂರು ಓರೆಯಾಗಿ ಇಟ್ಟರು. ಫಿಲ್ಮು ಕನ್ನಡಿಯಿಂದ ನಿಧಾನವಾಗಿ ದೂರ ಸರಿಯುತ್ತ ಹೋಗುವುದರಿಂದ ಅದರ ಮೇಲೆ ಕಪ್ಪು-ಬಿಳಿ ಪಟ್ಟೆಗಳು ಮೂಡುತ್ತವೆ. ಕಪ್ಪಾಗುವುದು ಎಲ್ಲಿ, ಕಾಂತಕ್ಷೇತ್ರ ಜೋರಾಗಿರುವ ಕಡೆಯೋ, ವಿದ್ಯುತ್ ಕ್ಷೇತ್ರ ಜೋರಾಗಿರುವ ಕಡೆಯೋ? ಕನ್ನಡಿಯ ಮೈಗೆ ತಾಗಿದ ಕಡೆ ಫಿಲ್ಮು ಕಪ್ಪಾಗಲೇ ಇಲ್ಲ. ಅಂದರೆ ಫಿಲ್ಮಿನ ಮೇಲೆ ಕೆಲಸ ಮಾಡಿದ್ದು ವಿದ್ಯುತ್ ಕ್ಷೇತ್ರ.

ಕಾಂತಕ್ಷೇತ್ರ ಅಷ್ಟು ಬಡವನಾ? ಅದೂ ಅಲ್ಲ. ಖಾಲಿ ಜಾಗದಲ್ಲಿ ಸಾಗುವ ಬೆಳಕಿನಲ್ಲಿ ಎರಡೂ ಕ್ಷೇತ್ರಗಳು ಸರಿಸಮ ಶಕ್ತಿ ಹೊತ್ತಿರುತ್ತವೆ. ನಡುಮಧ್ಯಾಹ್ನದ ಬಿಸಿಲು ಚದರ ಮೀಟರಿಗೆ ಸುಮಾರು 1000 ವಾಟ್ ಇರುತ್ತದೆ. ಅಷ್ಟೇ ಬಲದ ಒಂದೇ ಶುದ್ಧ ಅಲೆ ಅಂತ ಲೆಕ್ಕ ಹಾಕಿದರೆ ವಿದ್ಯುತ್ ಕ್ಷೇತ್ರದ ತುದಿ ಮೀಟರಿಗೆ ಸುಮಾರು 870 ವೋಲ್ಟ್ ಬರುತ್ತದೆ. ಅದನ್ನು ಬೆಳಕಿನ ವೇಗದಿಂದ ಭಾಗಿಸಿದರೆ ಕಾಂತಕ್ಷೇತ್ರ, ಸುಮಾರು 2.9 ಮೈಕ್ರೋಟೆಸ್ಲಾ. ನಮ್ಮ ಕಡೆ ಭೂಮಿಯ ಕಾಂತಕ್ಷೇತ್ರ ಸುಮಾರು 40 ಮೈಕ್ರೋಟೆಸ್ಲಾ ಇದೆ, ಅದರ ಮುಂದೆ ಇದು ತೀರಾ ನಗಣ್ಯವೇನಲ್ಲ. ಆದರೂ ಬಿಸಿಲಿನಲ್ಲಿ ಇಟ್ಟ ದಿಕ್ಸೂಚಿ ಅಲ್ಲಾಡುವುದಿಲ್ಲ, ಯಾಕೆಂದರೆ ಬೆಳಕಿನ ಕಾಂತಕ್ಷೇತ್ರ ಒಂದು ಸೆಕೆಂಡಿನಲ್ಲಿ ನೂರಾರು ಲಕ್ಷ ಕೋಟಿ ಸಲ ಮಗ್ಗುಲು ಬದಲಿಸುತ್ತದೆ. ಮುಳ್ಳು ಯಾವ ಕಡೆಗೆ ಅಂತ ತಿರುಗೀತು?

ವಿದ್ಯುತ್ ಕ್ಷೇತ್ರವೇ ಮುಂದಾಗುವುದು ಎಲೆಕ್ಟ್ರಾನಿನ ನಿಧಾನದಿಂದ. ಮೊದಲು ಹೇಳಿದ ಮಾತು ನೆನಪಿದೆಯಾ, ಕಾಂತಬಲ ಬೀಳುವುದು ಓಡುವ ಚಾರ್ಜಿನ ಮೇಲೆ ಮಾತ್ರ. ಬೆಳಕಿನಲ್ಲಿ ಕಾಂತಬಲ ಮತ್ತು ವಿದ್ಯುತ್ ಬಲದ ಅನುಪಾತ ಹೆಚ್ಚೆಂದರೆ ಎಲೆಕ್ಟ್ರಾನಿನ ವೇಗ ಮತ್ತು ಬೆಳಕಿನ ವೇಗದ ಅನುಪಾತದಷ್ಟು. ಹೈಡ್ರೋಜನ್ ಪರಮಾಣುವಿನ ಎಲೆಕ್ಟ್ರಾನಿನ ವೇಗ ಬೆಳಕಿನ ವೇಗದ 137ನೇ ಒಂದು ಪಾಲು. ಹಾಗಾಗಿ ನಮ್ಮ ಕಣ್ಣು, ಎಲೆಯ ಪತ್ರಹರಿತ್ತು, ಸೋಲಾರ್ ಫಲಕ, ಮೊಬೈಲಿನ ಕ್ಯಾಮೆರಾ ಎಲ್ಲವೂ ಬಹುಮಟ್ಟಿಗೆ ವಿದ್ಯುತ್ ಕ್ಷೇತ್ರಕ್ಕೇ ಸ್ಪಂದಿಸುತ್ತವೆ. (ಬೆಳಕನ್ನು ಫೋಟಾನ್ ಅನ್ನುವ ಕಣಗಳಾಗಿ ನೋಡುವ ಲೆಕ್ಕದಲ್ಲಿ ಇದನ್ನೆಲ್ಲ ಬೇರೆ ಭಾಷೆಯಲ್ಲಿ ಹೇಳುತ್ತಾರೆ, ಆ ಗೊಡವೆ ಇಲ್ಲಿ ಬೇಡ.)

ಆದರೆ ಬೆಳಕು ತಳ್ಳುತ್ತದೆ ಅಂತ ಕೇಳಿದ್ದೀರಲ್ಲ, ಆ ತಳ್ಳುವಿಕೆಗೆ ಕಾಂತಕ್ಷೇತ್ರ ಬೇಕೇ ಬೇಕು. ವಿದ್ಯುತ್ ಕ್ಷೇತ್ರ ಎಲೆಕ್ಟ್ರಾನನ್ನು ಮೇಲಕ್ಕೆ ಎಳೆಯುತ್ತದೆ. ಅದು ಮೇಲೆ ಹೋಗುತ್ತಿರುವಾಗ ಕಾಂತಕ್ಷೇತ್ರ ಅದನ್ನು ಬೆಳಕು ಸಾಗುವ ಕಡೆಗೆ, ಮುಂದಕ್ಕೆ ದೂಡುತ್ತದೆ. ಅರ್ಧ ಸುತ್ತಿನ ನಂತರ ವಿದ್ಯುತ್ ಕ್ಷೇತ್ರ ತಿರುಗಿ ಎಲೆಕ್ಟ್ರಾನ್ ಕೆಳಕ್ಕೆ ಹೋಗುತ್ತದೆ, ಅಷ್ಟರಲ್ಲಿ ಕಾಂತಕ್ಷೇತ್ರವೂ ತಿರುಗಿರುತ್ತದೆ, ಎರಡು ಉಲ್ಟಾ ಸೇರಿ ಬಲ ಮತ್ತೆ ಮುಂದಕ್ಕೇ. ಕೆಂಪು-ನೀಲಿ ಒಟ್ಟಿಗೆ ಏರಿ ಒಟ್ಟಿಗೆ ಇಳಿಯುವುದರಿಂದಲೇ ಇದು ಸಾಧ್ಯ. ಬಲ ಮಾತ್ರ ಬಹಳ ಸಣ್ಣದು. ಸೂರ್ಯನಿಂದ ಭೂಮಿಯಷ್ಟು ದೂರದಲ್ಲಿ, ಬಿದ್ದ ಬಿಸಿಲನ್ನೆಲ್ಲ ಹೀರುವ ಒಂದು ಚದರ ಕಿಲೋಮೀಟರ್ ಹಾಳೆಯ ಮೇಲೆ ಸುಮಾರು 4.5 ನ್ಯೂಟನ್, ಅರ್ಧ ಕೆಜಿ ಸಕ್ಕರೆಯ ತೂಕಕ್ಕಿಂತಲೂ ಕಡಿಮೆ. ರಷ್ಯಾದ ಲೆಬೆದೆವ್ ಸುಮಾರು 1900ರ ಹೊತ್ತಿಗೆ ಇದನ್ನು ಪ್ರಯೋಗಾಲಯದಲ್ಲಿ ಅಳೆದರು, ಜಪಾನಿನವರು 2010ರಲ್ಲಿ ಇಕಾರೋಸ್ ಅನ್ನುವ ನೌಕೆಗೆ ಹಾಯಿ ಬಿಚ್ಚಿ ಇದೇ ಬಲದ ಮೇಲೆ ಓಡಿಸಿ ತೋರಿಸಿದರು.

ಕಾಂತಕ್ಷೇತ್ರವನ್ನೇ ನೇರವಾಗಿ ಹಿಡಿಯುವ ಯಂತ್ರ ನೋಡಬೇಕಾ? ಅಟ್ಟದ ಮೇಲೆ ಹಳೆಯ ಟ್ರಾನ್ಸಿಸ್ಟರ್ ರೇಡಿಯೋ ಇದ್ದರೆ ಇಳಿಸಿ. ಅದರೊಳಗೆ ಸೀಮೆಸುಣ್ಣದ ಆಕಾರದ ಒಂದು ಕಪ್ಪು ಫೆರೈಟ್ ಕಡ್ಡಿ, ಸುತ್ತ ತಾಮ್ರದ ತಂತಿ ಇರುತ್ತದೆ. ಬೆಂಗಳೂರು ಆಕಾಶವಾಣಿಯ 612 ಕಿಲೋಹರ್ಟ್ಸ್ ಹಿಡಿಯುವುದು ಅದೇ. ಅಲೆಯುದ್ದ ಸುಮಾರು 490 ಮೀಟರ್, ಆದರೆ ಹೆಸರಿನಲ್ಲಿ ಬಿಟ್ಟರೆ ಅದಕ್ಕೂ ಬೆಳಕಿಗೂ ವ್ಯತ್ಯಾಸವಿಲ್ಲ. ಪ್ರಸಾರದ ಕಂಬ ನೆಟ್ಟಗೆ ನಿಂತಿರುವುದರಿಂದ ಅಲೆಯ ವಿದ್ಯುತ್ ಕ್ಷೇತ್ರ ನೆಟ್ಟಗೆ, ಕಾಂತಕ್ಷೇತ್ರ ಅಡ್ಡ. ರೇಡಿಯೋವನ್ನು ಮೇಜಿನ ಮೇಲಿಟ್ಟು ನಿಧಾನಕ್ಕೆ ತಿರುಗಿಸಿ. ಕಡ್ಡಿ ನಿಲಯದ ದಿಕ್ಕಿಗೆ ಅಡ್ಡಲಾಗಿದ್ದಾಗ ದನಿ ಜೋರು, ಕಡ್ಡಿಯ ತುದಿ ನಿಲಯದ ಕಡೆಗೇ ಮುಖ ಮಾಡಿದಾಗ ದನಿ ಕ್ಷೀಣ. ಆ ಕಡ್ಡಿ ಕಾಂತಕ್ಷೇತ್ರದ ದಿಕ್ಕನ್ನು ತೋರಿಸುತ್ತಿದೆ. ಹಿಂದೆ ಮನೆ ಮೇಲೆ ಇರುತ್ತಿದ್ದ ದೂರದರ್ಶನದ ಆಂಟೆನಾ ಇದಕ್ಕೆ ವಿರುದ್ಧ, ಅದರ ಅಡ್ಡ ಕಡ್ಡಿಗಳು ಹಿಡಿಯುತ್ತಿದ್ದದ್ದು ಅಡ್ಡ ಇರುವ ವಿದ್ಯುತ್ ಕ್ಷೇತ್ರವನ್ನು.

ಚಿತ್ರ ಮುಚ್ಚಿಡುವ ಇನ್ನೊಂದು ವಿಷಯವೂ ಈ ದಿಕ್ಕಿನದ್ದೇ. ಅದರಲ್ಲಿ ಕೆಂಪು ಯಾವಾಗಲೂ ಮೇಲೆ-ಕೆಳಗೆ. ಬಿಸಿಲಿನಲ್ಲಿ ಹಾಗಿರುವುದಿಲ್ಲ, ಅಲ್ಲಿ ವಿದ್ಯುತ್ ಕ್ಷೇತ್ರದ ದಿಕ್ಕು ಕ್ಷಣ ಕ್ಷಣಕ್ಕೂ ಮನಸ್ಸಿಗೆ ಬಂದ ಹಾಗೆ ಬದಲಾಗುತ್ತಿರುತ್ತದೆ. ಒಂದೇ ದಿಕ್ಕಿಗೆ ಕಟ್ಟುಬಿದ್ದ ಬೆಳಕಿಗೆ ಧ್ರುವೀಕೃತ ಬೆಳಕು ಅನ್ನುತ್ತಾರೆ. ಬೆಳಗ್ಗೆಯೋ ಸಂಜೆಯೋ ಸೂರ್ಯ ದಿಗಂತದ ಹತ್ತಿರ ಇರುವಾಗ ಪೋಲರಾಯ್ಡ್ ಕನ್ನಡಕ ತೆಗೆದು ಕೈಯಲ್ಲಿ ಹಿಡಿದು, ನೆತ್ತಿಯ ಮೇಲಿನ ನೀಲಿ ಆಕಾಶವನ್ನು ಅದರ ಮೂಲಕ ನೋಡುತ್ತ ಗಾಜನ್ನು ತಿರುಗಿಸಿ. ಆಕಾಶ ಒಮ್ಮೆ ಕಪ್ಪಾಗುತ್ತದೆ, ಒಮ್ಮೆ ಬೆಳಗುತ್ತದೆ. ಬಿಸಿಲು ಗಾಳಿಯ ಅಣುಗಳ ಎಲೆಕ್ಟ್ರಾನುಗಳನ್ನು ಅಲುಗಿಸುತ್ತದೆ, ಅವು ಚದುರಿಸಿದ ಬೆಳಕೇ ಆಕಾಶದ ನೀಲಿ. ಎಲೆಕ್ಟ್ರಾನ್ ತಾನು ಅಲುಗುವ ಗೆರೆಯ ನೇರಕ್ಕೆ ಬೆಳಕು ಕಳಿಸುವುದಿಲ್ಲ, ಹಾಗಾಗಿ ಸೂರ್ಯನಿಗೆ ಲಂಬ ದಿಕ್ಕಿನಿಂದ ಚದುರಿ ಬರುವ ಬೆಳಕಿನಲ್ಲಿ ಒಂದು ದಿಕ್ಕಿನ ಅಲುಗಾಟ ಮಾತ್ರ ಉಳಿದಿರುತ್ತದೆ. ನೀರಿನಿಂದ ಓರೆಯಾಗಿ ಪ್ರತಿಫಲಿಸುವ ಬೆಳಕಿಗೂ ಇದೇ ಗತಿ. 1921ರಲ್ಲಿ ಹಡಗಿನಲ್ಲಿ ಇಂಗ್ಲೆಂಡಿನಿಂದ ಬರುತ್ತಿದ್ದ ಸಿ. ವಿ. ರಾಮನ್ ಪೋಲರಾಯ್ಡಿನ ಹಾಗೆ ಒಂದೇ ದಿಕ್ಕಿನ ಬೆಳಕನ್ನು ಬಿಡುವ ಒಂದು ನಿಕೋಲ್ ಪಟ್ಟಕದಿಂದ ಸಮುದ್ರದ ಮೈಮೇಲಿನ ಆಕಾಶದ ಪ್ರತಿಫಲನವನ್ನು ಹೀಗೇ ಅಳಿಸಿ ನೋಡಿದರು. ನೀಲಿ ಹಾಗೇ ಉಳಿಯಿತು. ಸಮುದ್ರದ ನೀಲಿ ಬರೀ ಆಕಾಶದ ಸಾಲವಲ್ಲ ಅಂತ ಗೊತ್ತಾದದ್ದು ಅಲ್ಲಿ.

ಪೋಲರಾಯ್ಡ್ ಬಗ್ಗೆ ಒಂದು ಮಾತು. ಕಿಟಕಿ ಸರಳುಗಳ ನಡುವೆ ಹಗ್ಗ ಅಲ್ಲಾಡಿಸಿದ ಹಾಗೆ ಅಂತ ಶಾಲೆಯಲ್ಲಿ ಹೇಳುತ್ತಾರೆ, ಸರಳಿನ ಉದ್ದಕ್ಕೆ ಅಲುಗಿದರೆ ದಾಟುತ್ತದೆ, ಅಡ್ಡ ಅಲುಗಿದರೆ ಇಲ್ಲ. ಬೆಳಕಿನಲ್ಲಿ ಇದು ಸರಿಯಾಗಿ ಉಲ್ಟಾ. ಹಾಳೆಯೊಳಗೆ ಒಂದೇ ಕಡೆಗೆ ಎಳೆದು ಸಾಲಾಗಿಸಿದ ಉದ್ದ ಅಣುಗಳಿರುತ್ತವೆ, ಅವುಗಳ ಉದ್ದಕ್ಕೆ ಎಲೆಕ್ಟ್ರಾನುಗಳು ಓಡಾಡಬಲ್ಲವು. ವಿದ್ಯುತ್ ಕ್ಷೇತ್ರ ಆ ಉದ್ದಕ್ಕೇ ಇದ್ದರೆ ಎಲೆಕ್ಟ್ರಾನುಗಳನ್ನು ಓಡಿಸಿ ತನ್ನ ಶಕ್ತಿಯನ್ನೆಲ್ಲ ಕಳೆದುಕೊಳ್ಳುತ್ತದೆ. ಅಡ್ಡ ಇದ್ದರೆ ಓಡಿಸಲು ದಾರಿಯಿಲ್ಲ, ಬೆಳಕು ದಾಟಿಹೋಗುತ್ತದೆ. ಜಗದೀಶ್ ಚಂದ್ರ ಬೋಸ್ 1890ರ ದಶಕದಲ್ಲಿ ಕಲ್ಕತ್ತಾದಲ್ಲಿ ಮಿಲಿಮೀಟರ್ ಅಲೆಗಳ ಮೇಲೆ ಕೆಲಸ ಮಾಡುವಾಗ ಬಳಸಿದ ಧ್ರುವಕ (ಒಂದೇ ದಿಕ್ಕಿನ ಅಲೆಯನ್ನು ಬಿಡುವ ಸಾಧನ) ನೆನಪಾಗುತ್ತದೆ: ಹಾಳೆಗಳ ನಡುವೆ ತಗಡಿನ ಕಾಗದ ಸೇರಿಸಿದ ಒಂದು ರೈಲ್ವೆ ವೇಳಾಪಟ್ಟಿ ಪುಸ್ತಕ. ಕ್ಷೇತ್ರ ಹಾಳೆಗಳಿಗೆ ಅಡ್ಡಲಾಗಿದ್ದರೆ ಅಲೆ ಪಾರು, ಹಾಳೆಗಳ ಉದ್ದಕ್ಕಿದ್ದರೆ ಇಲ್ಲ.

ಈ ದಿಕ್ಕಿನ ಆಟದಲ್ಲಿ ಬೆಂಗಳೂರಿಗೂ ಒಂದು ಪಾಲಿದೆ. 1956ರಲ್ಲಿ ರಾಮನ್ ಸಂಶೋಧನಾ ಸಂಸ್ಥೆಯಲ್ಲಿದ್ದ ಎಸ್. ಪಂಚರತ್ನಂ, ಇನ್ನೂ ಇಪ್ಪತ್ತೆರಡರ ಹುಡುಗ, ಒಂದು ವಿಚಿತ್ರ ಗಮನಿಸಿದರು. ಬೆಳಕಿನ ಧ್ರುವೀಕರಣವನ್ನು ಒಂದಾದ ಮೇಲೊಂದು ಬದಲಿಸುತ್ತ ಕೊನೆಗೆ ಮೊದಲಿದ್ದ ಸ್ಥಿತಿಗೇ ತಂದು ನಿಲ್ಲಿಸಿದರೂ, ಅಲೆ ಮೊದಲಿನ ತಾಳಕ್ಕೆ ಬಂದು ಕೂರುವುದಿಲ್ಲ, ಸ್ವಲ್ಪ ಹಿಂದೋ ಮುಂದೋ ಸರಿದಿರುತ್ತದೆ. ಎಷ್ಟು ಸರಿದಿದೆ ಅನ್ನುವುದು ಹಿಡಿದ ದಾರಿಯ ಆಕಾರದ ಮೇಲೆ ನಿಂತಿದೆ. 1980ರ ದಶಕದಲ್ಲಿ ಇಂಗ್ಲೆಂಡಿನ ಮೈಕೆಲ್ ಬೆರಿ ಇದೇ ಬಗೆಯ ಸಂಗತಿಯನ್ನು ಕ್ವಾಂಟಂ ಲೋಕದಲ್ಲಿ ಕಂಡ ಮೇಲೆ ಪಂಚರತ್ನಂ ಕೆಲಸ ಮತ್ತೆ ಬೆಳಕಿಗೆ ಬಂತು, ಆದರೆ ಅವರು 1969ರಲ್ಲೇ ತೀರಿಕೊಂಡಿದ್ದರು.

ಇಷ್ಟೆಲ್ಲ ಹೇಳಿದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ. ರೇಡಿಯೋ ಅಲೆಯ ಏರಿಳಿತವನ್ನು ಆಸಿಲೋಸ್ಕೋಪಿನ ಪರದೆ ಮೇಲೆ ನೋಡಬಹುದು, ಬೆಳಕಿನದನ್ನು ಯಾರಾದರೂ ಹಾಗೆ ಕಣ್ಣಾರೆ ನೋಡಿದ್ದಾರಾ? ಬಹಳ ಕಾಲ ಇಲ್ಲ. ಅಷ್ಟು ವೇಗಕ್ಕೆ ಯಾವ ಉಪಕರಣವೂ ಹೊಂದುತ್ತಿರಲಿಲ್ಲ. 2004ರಲ್ಲಿ ಭೌತವಿಜ್ಞಾನಿ ಫೆರೆಂಕ್ ಕ್ರೌಸ್ ಅವರ ತಂಡ ಇದನ್ನು ಮಾಡಿತು. ಅತಿ ಚಿಕ್ಕ, ಆಟೋಸೆಕೆಂಡುಗಳಲ್ಲಿ ಎಣಿಸುವಷ್ಟೇ ಹೊತ್ತು ಇರುವ (ಸೆಕೆಂಡನ್ನು ನೂರು ಕೋಟಿ ಪಾಲು ಮಾಡಿ, ಅದರ ಒಂದು ಪಾಲನ್ನು ಮತ್ತೆ ನೂರು ಕೋಟಿ ಪಾಲು ಮಾಡಿದರೆ ಒಂದು ಆಟೋಸೆಕೆಂಡ್) ನೇರಳಾತೀತ ಮಿಡಿತ ಹೊಡೆದು ಅನಿಲದ ಪರಮಾಣುಗಳಿಂದ ಎಲೆಕ್ಟ್ರಾನುಗಳನ್ನು ಕಿತ್ತರು, ಅದೇ ಹೊತ್ತಿಗೆ ಅಲ್ಲಿ ಹಾದುಹೋಗುತ್ತಿದ್ದ ಕೆಂಪು ಲೇಸರ್ ಬೆಳಕಿನ ವಿದ್ಯುತ್ ಕ್ಷೇತ್ರ ಆ ಎಲೆಕ್ಟ್ರಾನುಗಳಿಗೆ ಎಷ್ಟು ವೇಗ ಕೂಡಿಸಿತು, ಎಷ್ಟು ಕಳೆಯಿತು ಅಂತ ಅಳೆದರು, ಮಿಡಿತದ ಹೊತ್ತನ್ನು ಒಂಚೂರೇ ಆಚೀಚೆ ಸರಿಸುತ್ತ ಮತ್ತೆ ಮತ್ತೆ ಅಳೆದರು. ಬಿಂದುಗಳನ್ನು ಜೋಡಿಸಿದಾಗ ಏರಿಳಿಯುವ ಅಲೆಯೇ ಮೂಡಿತು. ಆಟೋಸೆಕೆಂಡ್ ಕೆಲಸಕ್ಕೆ ಕ್ರೌಸ್ ಅವರಿಗೆ ಇನ್ನಿಬ್ಬರ ಜೊತೆ 2023ರ ಭೌತಶಾಸ್ತ್ರದ ನೊಬೆಲ್ ಬಂತು. ಆ ಪ್ರಯೋಗ ಅಳೆದದ್ದು ವಿದ್ಯುತ್ ಕ್ಷೇತ್ರವನ್ನು ಮಾತ್ರ. ಕಾಂತಕ್ಷೇತ್ರ ಬೇಕಿದ್ದವರು ಬೆಳಕಿನ ವೇಗದಿಂದ ಭಾಗಿಸಿಕೊಳ್ಳಬೇಕು.